ಅಪ್ಪ ಇಳಿದ ಕೊಳ

ಬೋಲ್, ಚಾಡ್
ಏಪ್ರಿಲ್ ೯

ಪ್ರೀತಿಯ ಅಜ್ಜೀ,

ಕಣ್ಣಿನ ಕಟ್ಟು ಬಿಚ್ಚಿದರೇ? ಉರಿ ಇದೆಯೇ? ಎನ್‌ಜಮೇನಾದ ಸೆಕೆಯಲ್ಲಿ ನೀವು ಕಟ್ಟಿನ ಮೇಲೇ ಕೆರೆದುಕೊಳ್ಳುತ್ತೀರೆಂದು ಅಮ್ಮನಿಗೆ ಒಂದೇ ಯೋಚನೆ. ಇಲ್ಲಿ ಎಲ್ಲರೂ ಕ್ಷೇಮ, ಅಪ್ಪನ ಮಾನವೊಂದನ್ನು ಬಿಟ್ಟು.

ಸುದ್ದಿ ಬೇರೆಯವರ ಬಾಯಿಂದ ತಲುಪುವ ಮೊದಲು ನಾನೇ ಹೇಳಿಬಿಡುತ್ತೇನೆ. ನಿಮ್ಮ ಮಗ ಪಾಚಿಕೊಳಕ್ಕೆ ಇಳಿದ. ಗಂಡಸು ಕಾಲಿಟ್ಟರೆ ನೀರು ಬಂಜೆಯಾಗುತ್ತದೆಂದು ನೀವು ಇಷ್ಟು ವರ್ಷ ಕಾಯ್ದ ಅದೇ ಕೊಳಕ್ಕೆ. ಮೇಕೆ ನೀರಿಗೆ ಬಿತ್ತು, ಹಿಂದೆಯೇ ಅಪ್ಪ ಹಾರಿದ. ಮೇಕೆ ತಾನಾಗಿಯೇ ದಡ ಹತ್ತಿತು. ಅಪ್ಪ ಸೊಂಟದವರೆಗೆ ಕೆಸರಿನಲ್ಲಿ ಹೂತು ನಿಂತ. ಪಾಚಿ ಗೋರುತ್ತಿದ್ದ ಕೆಲ್ಲೂ ಅತ್ತೆ, "ಏನಣ್ಣಾ, ನಿಂಗೂ ಒಂದು ಬುಟ್ಟಿ ಕೊಡ್ಲಾ? ನನ್ ಮುಸುಕು ಹೊದ್ಕೊ, ಯಾರಿಗೂ ಗೊತ್ತಾಗಲ್ಲ" ಎಂದಳು. ಅಪ್ಪ, "ಮೊದ್ಲು ಎಳಿಯೇ ಮಾರಾಯ್ತಿ, ಆಮೇಲೆ ನಗು" ಎಂದ. ಹೆಂಗಸರೆಲ್ಲ ಸೇರಿ ಎಳೆದು ಹಾಕಿದೆವು.

ಆಮೇಲೆ ಯಾರೂ ನಗಲಿಲ್ಲ. ಕೊಳದ ಹಿರಿಯಳು ನೀವು. ನೀವು ಹೇಳುವವರೆಗೆ ಯಾರೂ ಬುಟ್ಟಿ ಅದ್ದುವಂತಿಲ್ಲ. ಗಾಳಿ ಹಸಿರನ್ನೆಲ್ಲ ನಮ್ಮ ದಡಕ್ಕೇ ತಂದು ಗುಡ್ಡೆ ಹಾಕಿದೆ, ತಿರುಗಿತೆಂದರೆ ಅಷ್ಟೂ ಚದುರಿಹೋಗುತ್ತದೆ. ಪಾಚಿ ಒಣಗಿಸಲು ಮರಳಿನಲ್ಲಿ ತೋಡಿದ ಗುಳಿಗಳು ಖಾಲಿ ಬಿದ್ದಿವೆ. ಸಂತೆಗೆ ಒಯ್ಯಲು ಒಣಪಾಚಿಯ ಒಂದು ಬಿಲ್ಲೆಯೂ ಇಲ್ಲ, ಮನೆಯ ಸಾರಿಗೂ ಇಲ್ಲ. ಅಪ್ಪನನ್ನು ಕಂಡರೆ ಎಲ್ಲರೂ ಮುಖ ತಿರುಗಿಸುತ್ತಾರೆ. ನನಗಂತೂ ಅವನನ್ನು ನೋಡಿದರೆ ಪಾಪ ಅನಿಸುತ್ತದೆ.

ನನ್ನ ಸ್ವಭಾವ ನಿಮಗೆ ಗೊತ್ತಲ್ಲ, ಏನಾದರೂ ತಲೆಗೆ ಹೊಕ್ಕರೆ ಊಟ ಸೇರುವುದಿಲ್ಲ. ನೀರು ಬಂಜೆಯಾಗುವುದೆಂದರೆ ಹೇಗಿರುತ್ತದೆ? ಮೊದಲು ಬಣ್ಣ ಹೋಗುತ್ತದೋ, ವಾಸನೆಯೋ? ದಿನಾ ಬೆಳಗ್ಗೆ ದಡದಲ್ಲಿ ಕೂತು ಬಗ್ಗಿ ನೋಡುತ್ತೇನೆ, ಮೂಸುತ್ತೇನೆ. "ಈ ಹುಡುಗೀಗೆ ಏನ್ ಹಿಡೀತು" ಎಂದು ಅತ್ತೆ ಬೈಯುತ್ತಾಳೆ.

ಚಿಕ್ಕಮ್ಮನಿಗೆ ಸಲಾಂ, ಮಕ್ಕಳಿಗೆ ಮುತ್ತು. ಅಲ್ಲಾಹು ನಿಮ್ಮ ಕಣ್ಣಿಗೆ ಬೆಳಕು ಕೊಡಲಿ.

ನಿಮ್ಮ ಮೊಮ್ಮಗಳು
ಫಲ್ಮಾತಾ

ಮರೆತಿದ್ದೆ: ಚಿಕ್ಕಮ್ಮಾ, ಇದನ್ನು ಅಜ್ಜಿಗೆ ಓದಿ ಹೇಳುವವರು ನೀವೇ ತಾನೆ? ಚಿಕ್ಕಪ್ಪ ಹತ್ತಿರ ಕೂತಿದ್ದರೆ ಇಲ್ಲಿಗೇ ನಿಲ್ಲಿಸಿ. ಅಜ್ಜೀ, ಕೊಳಕ್ಕೆ ಏನೂ ಆಗಿಲ್ಲ. ಅಪ್ಪ ನಿಂತಿದ್ದ ಜಾಗದಲ್ಲೂ ಹಸಿರು ಮೊದಲಿನಷ್ಟೇ ದಟ್ಟವಾಗಿದೆ. ಗಂಡಸರು ಇನ್ನೂ ಗಮನಿಸಿಲ್ಲ. ಗಮನಿಸಿದರೆ ಮಾರನೆಯ ದಿನವೇ ಬುಟ್ಟಿ ಹಿಡಿದು ಇಳಿಯುತ್ತಾರೆ, ಕೊಳ ನಮ್ಮ ಕೈತಪ್ಪುತ್ತದೆ. ಅಷ್ಟರೊಳಗೆ, 'ನೀರಿಗೆ ದುವಾ ಓದಿಸಿದ್ದೇನೆ, ಈಗ ಇಳಿಯಿರಿ' ಎಂದು ಹೇಳಿಕಳಿಸಿ. ಅಪ್ಪನಿಗೆ ಏನಾದರೂ ದಂಡ ಹಾಕಿ, ಜನ ನಂಬುವಂತಿರಲಿ. ಇನ್ನೊಂದು ಮಾತು, ಅಜ್ಜೀ. ಗಂಡಸು ಇಳಿದರೂ ನೀರಿಗೆ ಏನೂ ಆಗುವುದಿಲ್ಲವೆಂದು ನಿಮಗೆ ಮೊದಲಿಂದಲೂ ಗೊತ್ತಿತ್ತಲ್ಲವೇ?