ಅಪ್ಪ ಒರೆಸಿಹಾಕಿದ ಅಂಕಿ

ಪ್ರಸಾರ ಮಂಡಳಿಯ ಮಾನ್ಯ ಅಧ್ಯಕ್ಷರೇ,

‘ಬಿಸಿಲು ನಮ್ಮ ಹೆಮ್ಮೆ’ ಎಂಬ ಟಿ.ವಿ. ಚರ್ಚೆಯ ವಿರುದ್ಧ ನಾನು ಕೊಟ್ಟ ದೂರನ್ನು ‘ಇದರಿಂದ ಯಾರಿಗೂ ಹಾನಿಯಾಗಿಲ್ಲ’ ಎಂದು ವಜಾ ಮಾಡಿದ್ದೀರಿ. ಹಾಗಾದರೆ ನನ್ನ ಅಪ್ಪ ಯಾರೂ ಅಲ್ಲ ಎಂದಾಯಿತು.

ನಾನು ಹವಾಮಾನ ಕಚೇರಿಯಲ್ಲಿ ಉಷ್ಣಮಾಪಕ ನೋಡಿ ಬರೆದುಕೊಳ್ಳುವವಳು. ಅಪ್ಪನದು ಸೈಕಲ್ ರಿಪೇರಿ ಅಂಗಡಿ, ತಗಡಿನ ಸೂರು. ನಾನು ಕೆಲಸಕ್ಕೆ ಸೇರಿದಂದಿನಿಂದ ಅವನದೊಂದು ಪದ್ಧತಿ. ಮಧ್ಯಾಹ್ನ ಫೋನ್ ಮಾಡಿ “ಇವತ್ತು ಎಷ್ಟಮ್ಮಾ?” ಎಂದು ಕೇಳಿ, ಅಂಗಡಿಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತಿದ್ದ. ನಲವತ್ತು ಡಿಗ್ರಿ ದಾಟಿದರೆ ಬಾಗಿಲೆಳೆದು ಮನೆಗೆ. ಅದನ್ನು ನೋಡಿ ಎದುರಿನ ಟೈಲರ್, ಪಕ್ಕದ ಬಡಗಿ ಕೂಡ ಕೆಲಸ ನಿಲ್ಲಿಸುತ್ತಿದ್ದರು. “ನನ್ನ ಮಗಳ ಲೆಕ್ಕ ಕಣ್ರೀ, ತಪ್ಪೋ ಮಾತೇ ಇಲ್ಲ” ಎಂಬ ಜಂಬ ಬೇರೆ.

ಆಮೇಲೆ ಬಂತು ಆ ಚರ್ಚೆ. ಎ.ಸಿ. ಕೋಣೆಯಲ್ಲಿ ಕೋಟು ತೊಟ್ಟು ಕುಳಿತ ಮಹನೀಯರು ಗಂಟಲು ಹರಿದುಕೊಂಡರು: ತಾಪ ಏರುತ್ತಿದೆ ಎನ್ನುವುದು ದೇಶದ ಮಾನ ಕಳೆಯಲು ಹೊರಗಿನವರು ಹೂಡಿದ ಸಂಚು, ಹವಾಮಾನ ಕಚೇರಿಯವರು ಅಂಕಿ ತಿರುಚುತ್ತಾರೆ, ಈ ಮಣ್ಣಿನ ಮಕ್ಕಳಿಗೆ ಬಿಸಿಲು ತಾಗುವುದೇ ಇಲ್ಲ! ಆಹಾ, ಎಂಥ ದೇಶಪ್ರೇಮ! ಪಾದರಸಕ್ಕೂ ಪೌರತ್ವದ ಪರೀಕ್ಷೆ! ಮರುದಿನ ಟೈಲರ್ ಅಪ್ಪನನ್ನು ಕೆಣಕಿದ: “ಏನ್ ಯಜಮಾನ್ರೇ, ಮಗಳು ಯಾವ ದೇಶದ ಲೆಕ್ಕ ಕೊಡ್ತಾಳೆ?” ಎಲ್ಲರೂ ನಕ್ಕರಂತೆ. ಅಪ್ಪ ಬಾಗಿಲ ಮೇಲಿನ ಅಂಕಿ ಒರೆಸಿಬಿಟ್ಟ. ಸಂಜೆ ನಾನು ಕೇಳಿದ್ದಕ್ಕೆ, “ದೇಶಕ್ಕಿಂತ ದೊಡ್ಡದೇನೇ ನಿನ್ನ ಅಂಕಿ? ನಾನೇನು ಬೆಣ್ಣೆನಾ, ಕರಗೋಕೆ?” ಎಂದ. ನನ್ನ ಮುಖ ನೋಡಲಿಲ್ಲ. ಅಂದಿನಿಂದ ಫೋನೂ ಬರಲಿಲ್ಲ. ಒಂದೇ ಮನೆಯಲ್ಲಿದ್ದು ನಾನು ಪರದೇಶಿಯಾದೆ.

ಹವಾಮಾನದ ಬಗ್ಗೆ ವಾದ ಮಾಡಲಿ, ಬೇಡ ಎಂದವರಾರು? ಆದರೆ ನೆರಳಿಗೆ ಸರಿಯುವುದೇ ದ್ರೋಹವಾಗುವಂಥ ದೇಶವನ್ನು ನಮ್ಮ ಹೆಸರಿನಲ್ಲಿ ಕಟ್ಟಲು ಇವರಿಗೆ ಅಪ್ಪಣೆ ಕೊಟ್ಟವರು ಯಾರು, ನೀವಲ್ಲವೇ? ಆ ದೇಶದಲ್ಲಿ ತನಗೂ ಒಂದು ಜಾಗ ಇರಲೆಂದು ಅಪ್ಪ ಸುಡುವ ತಗಡಿನ ಕೆಳಗೆ ಕುಳಿತ. ಒಂದು ಮಧ್ಯಾಹ್ನ ಪಂಕ್ಚರ್ ಹಾಕುತ್ತಲೇ ಕುಸಿದ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು, ನನ್ನ ಕೈ ಹಿಡಿದು, ಮತ್ತೆ ಕೇಳಿದ: “ಇವತ್ತು ಎಷ್ಟಮ್ಮಾ?”

ಅಂದು ನಲವತ್ತಾರು. ಅವನ ದೇಶ ಅವನಿಗೆ ಸುಳ್ಳು ಹೇಳಿತೆಂದು ಆ ಹೊತ್ತಿನಲ್ಲಿ ಯಾವ ಬಾಯಿಂದ ಹೇಳಲಿ?

“ಮೂವತ್ತಾರು ಅಪ್ಪಾ. ಮೋಡ ಇದೆ.”

“ಹಾಗಾದ್ರೆ ಅಂಗಡಿ ತೆಗೀಬಹುದು” ಎಂದ. ಸಂಜೆಯಾಗುವಷ್ಟರಲ್ಲಿ ಹೋಗಿಬಿಟ್ಟ.

ನಾನು ಕೇಳುವುದು ಇಷ್ಟೇ. ಅದೇ ವಾಹಿನಿಯಲ್ಲಿ ಪ್ರತಿ ಮಧ್ಯಾಹ್ನ ಆ ದಿನದ ಉಷ್ಣಾಂಶವನ್ನು, ಕೂಗಾಡದೆ, ಒಮ್ಮೆ ಓದಿಸಿ. ಯಾರದೋ ಅಪ್ಪ ಅದನ್ನು ಕೇಳಿ ಬಾಗಿಲೆಳೆದು ಮನೆಗೆ ಹೋಗಲಿ.

ಇಂತಿ,
ಒಮ್ಮೆ ಮಾತ್ರ ಅಂಕಿ ತಿರುಚಿದ ಮಗಳು