ಅತ್ತೆ ಸಾಕಿದ ನೊಣಗಳು

ವುರ್ಟ್ಸ್‌ಬುರ್ಗ್
೧೪ ನವೆಂಬರ್ ೧೯೮೩

ಪ್ರೀತಿಯ ಅತ್ತೆಗೆ ಇರ್ಮೆಲಾಳ ನಮಸ್ಕಾರಗಳು.

ಬಾಟಲಿ ಕೊಟ್ಟು ಕಳಿಸಿದ ಮೇಲೆ ಇವಳಿಂದ ಒಂದು ಸಾಲೂ ಇಲ್ಲವೆಂದು ಬೈದುಕೊಂಡಿರುತ್ತೀರಿ. ತಡವಾದದ್ದು ನಿಜ, ಕ್ಷಮಿಸಿ. ಆ ನೊಣಗಳು ನಮ್ಮವೇ ಹೌದೋ ಅಲ್ಲವೋ ಎಂಬುದು ಖಚಿತವಾಗುವ ತನಕ ಬರೆಯಲು ಕೈ ಏಳಲಿಲ್ಲ. ಇವತ್ತು ಖಚಿತವಾಯಿತು. ಅವು ನಮ್ಮವೇ.

ಆ ಭಾನುವಾರ ಫೋನಿನಲ್ಲಿ ಅಳುತ್ತಾ ಹೇಳಿದ್ದು ನಿಮಗೆಷ್ಟು ಅರ್ಥವಾಯಿತೋ. ಪ್ರಯೋಗಾಲಯದಲ್ಲಿ ಹಣ್ಣುನೊಣ ಸಾಕುವ ಕೋಣೆಯ ಹೀಟರ್ ಕೆಟ್ಟು, ನಾವು ಹೋಗುವಷ್ಟರಲ್ಲಿ ಒಳಗೆ ಒಲೆಯಂತೆ ಕಾದು ನೊಣಗಳೆಲ್ಲ ಸತ್ತಿದ್ದವು. ಬೇರೆ ತಳಿಗಳನ್ನು ಬೇರೆ ಊರುಗಳಿಂದ ತರಿಸಿಕೊಳ್ಳಬಹುದು. ಮಿದುಳಿನ ಎಡಬಲಗಳನ್ನು ಜೋಡಿಸುವ ನರಗಳ ಸೇತುವೆ ಮುರಿದುಕೊಂಡೇ ಹುಟ್ಟುವ ನನ್ನ ತಳಿ ಮಾತ್ರ ಇನ್ನೆಲ್ಲೂ ಇರಲಿಲ್ಲ. ನಮ್ಮ ಮುಖ್ಯಸ್ಥ ಗೆಬ್‌ಹಾರ್ಟ್, "ಇನ್ನು ಬೇರೆ ಏನಾದ್ರೂ ಕೆಲಸ ನೋಡ್ಕೊಳ್ಳಮ್ಮ" ಅಂದುಬಿಟ್ಟಿದ್ದರು.

ನೀವು, "ಯಾವ್ದೇ, ಆ ನೆಟ್ಟಗೆ ಹಾರೋಕೆ ಬರದವಾ? ಬ್ರೆಡ್ ಡಬ್ಬಿ ಮೇಲೆ ಇದಾವಲ್ಲ" ಅಂದಿರಿ. ಬುರ್ಖಾರ್ಡ್ ಜೊತೆ ಕೊನೆಯ ಸಲ, ಎರಡು ವರ್ಷದ ಹಿಂದಿನ ಈಸ್ಟರಿಗೆ ಬಂದಾಗ, ರಜೆಯಲ್ಲೂ ನೋಡಿಕೊಳ್ಳಲೆಂದು ತಂದು ಮರೆತು ಬಿಟ್ಟುಬಂದ ಬಾಟಲಿ ಅದು. ಆಮೇಲೆ ನಿಮ್ಮ ಮಗನಿಗೂ ನನಗೂ ವಿಚ್ಛೇದನವೇ ಆಗಿಹೋಯಿತು. ನೀವು ಮಾತ್ರ ನಾನು ಮಾಡುತ್ತಿದ್ದ ಹಾಗೆಯೇ ರವೆಗಂಜಿಗೆ ಬೀಟ್ ಗೆಡ್ಡೆಯ ಸಿಹಿಪಾಕ ಬೆರೆಸಿ, ಹೊಸ ಹೊಸ ಬಾಟಲಿಗೆ ದಾಟಿಸುತ್ತಾ, ಅವುಗಳ ಮರಿಮೊಮ್ಮಕ್ಕಳನ್ನೂ ಸಾಕಿದ್ದೀರಿ.

ಮರುದಿನ ಬಾಂಬೆರ್ಗ್‌ಗೆ, ನಿಮ್ಮ ಮನೆಗೆ ಓಡಿ ಬಂದು, "ಯಾಕೆ ಎಸೀಲಿಲ್ಲ ಅತ್ತೆ?" ಅಂತ ಕೇಳಿದೆ.

"ನೀನು ಬಿಟ್ಟುಹೋದದ್ದನ್ನ ನಾನ್ಯಾಕೆ ಎಸೀಲಿ?" ಅಂದಿರಿ. "ಪಕ್ಕದ ಮನೆಯವಳು ನನ್ನನ್ನ ನೊಣದಜ್ಜಿ ಅಂತಾಳೆ. ಅನ್ಲಿ ಬಿಡು, ಅವಳ ಗಂಡನ್ನ ಸಾಕೋದಕ್ಕಿಂತ ಇದು ವಾಸಿ."

ಗೆಬ್‌ಹಾರ್ಟ್ ನೀವು ಕಟ್ಟಿಕೊಟ್ಟ ಪ್ಲಮ್ ಕೇಕನ್ನು ತಿಂದರು, ಬಾಟಲಿಯನ್ನು ನಂಬಲಿಲ್ಲ. "ಅಡುಗೆಮನೆ ನೊಣ ಒಂದು ಒಳಗೆ ನುಗ್ಗಿದ್ರೂ ತಳಿ ಕೆಟ್ಟ ಹಾಗೇನೇ" ಅಂದರು. ಅದು ಸುಳ್ಳಲ್ಲ. ಒಂದೊಂದರ ಬೆನ್ನಿಗೂ ತೆಳ್ಳನೆಯ ತಂತಿ ಅಂಟಿಸಿ, ಒಳಗೆ ಪಟ್ಟೆ ಬಳಿದ, ತಿರುಗುವ ಡ್ರಮ್ಮಿನ ನಡುವೆ ಹಾರಿಸಿದೆ. ಪಟ್ಟೆಗಳು ತಿರುಗಿದರೆ ಮಾಮೂಲಿ ನೊಣ ಕೂಡಲೇ ತಾನೂ ತಿರುಗಲು ನೋಡುತ್ತದೆ. ಇವು ತಡಮಾಡಿದವು, ಬೇಗ ಸೋತು ರೆಕ್ಕೆ ಮಡಚಿದವು. ಅವು ಸೋತಷ್ಟೂ ನನಗೆ ಹಿಗ್ಗು. ಇವತ್ತು ಒಂದರ ಮಿದುಳನ್ನು ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಸೇತುವೆ ನಟ್ಟನಡುವೆ ಮುರಿದೇ ಇತ್ತು. ಗೆಬ್‌ಹಾರ್ಟ್ ಬಹಳ ಹೊತ್ತು ನೋಡಿ, "ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳು" ಅಂದರು. ನನ್ನ ಕೆಲಸ ಉಳಿಯಿತು, ಅತ್ತೆ. ನನ್ನ ತಾಯಿ ಬದುಕಿದ್ದರೂ ಇದಕ್ಕಿಂತ ಹೆಚ್ಚು ಮಾಡುತ್ತಿರಲಿಲ್ಲ.

ಮೊಣಕಾಲು ಬೆಚ್ಚಗಿಟ್ಟುಕೊಳ್ಳಿ. ಈ ಚಳಿಗಾಲ ನಿಮ್ಮನ್ನು ನೋಯಿಸದೆ ದಾಟಲಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ
ಇರ್ಮೆಲಾ

ಮರೆತ ಮಾತು: ಅವತ್ತು ನಾನು ಒಳಗೆ ಕಾಲಿಟ್ಟಾಗ ನೀವು ಹೆಣೆಯುತ್ತಿದ್ದ ಪುಟ್ಟ ಕಾಲುಚೀಲವನ್ನು ದಿಂಬಿನಡಿಗೆ ತುರುಕಿದಿರಿ. ನಾನು ಕಾಣದವಳಂತೆ ಕಾಫಿ ಕುಡಿದೆ. ಹೊಸ ಹೆಂಡತಿ ಬಸುರಿ ಎಂದು ಬುರ್ಖಾರ್ಡ್ ತಾನೇ ತಿಳಿಸಿದ್ದಾನೆ. ಒಂದು ಮಗುವಿಗಾಗಿ ನಾವು ಎಷ್ಟು ವರ್ಷ ಕಾದೆವೆಂದು ನಿಮಗೆ ಗೊತ್ತು. ಬಾಟಲಿಯನ್ನು ಕೋಟಿನೊಳಗೆ ಅವುಚಿಕೊಂಡು ರೈಲಿನಲ್ಲಿ ಊರು ಬರುವವರೆಗೂ ಅಳುತ್ತಲೇ ಬಂದೆ. ಮುಂದಿನ ಸಲ ಬಚ್ಚಿಡಬೇಡಿ, ನನ್ನೆದುರಿಗೇ ಹೆಣೆಯಿರಿ. ಆ ಮನೆಯಲ್ಲೊಂದು ಮಗು ನಿಮ್ಮನ್ನು ಅಜ್ಜಿ ಎಂದು ಕರೆಯತೊಡಗಿದ ಮೇಲೂ ನಾನು ನಿಮ್ಮನ್ನು ಅತ್ತೆ ಎನ್ನಬಹುದೇ? ಅದನ್ನೊಂದು ಬರೆದು ತಿಳಿಸಿ.