ಕೋಳಿ ಫ್ರಿಜ್ಜಿನಲ್ಲಿದೆ, ಅತ್ತೆ

ಅತ್ತೆ,

ಕೋಳಿಯ ಹೊಟ್ಟೆಗೆ ಸೇಬು, ಒಣದ್ರಾಕ್ಷಿ, ಚೀಸ್ ತುಂಬಿ ಹೊಲಿದಿಟ್ಟಿದ್ದೀನಿ. ಆರು ಗಂಟೆಗೆ ಓವನ್‌ಗೆ ಇಡಿ, ಒಂದೂವರೆ ಗಂಟೆ ಬೇಯಲಿ. ಕೊಯ್ಯೋ ಮುಂಚೆ ದಾರ ತೆಗೀರಿ. ಚೀಸ್ ನಿಮಗೆ ಆಗಲ್ಲ, ಆಸೆಗೆ ಒಂದು ಚೂರು ಸಾಕು.

ಅಂಗಳದ ತುಂಬ ಎಲೆ ಉದುರಿದೆ. ಗುಡಿಸೋಕೆ ಬಗ್ಗಬೇಡಿ.

ನಿಮ್ಮ ಮಗ ಅವಳನ್ನ ಊಟಕ್ಕೆ ಕರ್ಕೊಂಡು ಬಂದಾಗ ಮುಖ ಊದಿಸಿಕೊಂಡು ಕೂರಬೇಡಿ. ಇನ್ನು ನಿಮ್ಮನ್ನ ನೋಡ್ಕೊಳ್ಳೋಳು ಅವಳೇ. ಮೊಣಕಾಲಿಗೆ ಮುಲಾಮು ಹಚ್ಚು ಅಂತ ಬಾಯಿ ಬಿಟ್ಟು ಕೇಳಿ.

ಅವರು ನನ್ನನ್ನ ಬೇಡ ಅಂದಾಗ ಎರಡು ದಿನ ಅತ್ತು ಸುಮ್ಮನಾದೆ. ನಿಮ್ಮನ್ನ ಬಿಟ್ಟು ಹೊರಡುವಾಗ ಅಳು ನಿಲ್ತಾನೇ ಇಲ್ಲ.

ಹೇಳಿ ಹೋಗೋಣ ಅಂತ ಬಂದೆ, ನಿದ್ದೆ ಮಾಡ್ತಿದ್ರಿ. ಎಬ್ಬಿಸಿದ್ರೆ "ಹೋಗಬೇಡ ಮಗಳೇ" ಅಂತೀರಿ. ಆಮೇಲೆ ನನಗೆ ಹೊಸಿಲು ದಾಟೋಕಾಗಲ್ಲ.